ಕತ್ತಲಲ್ಲಿ ನನ್ನ ಉಸಿರು ಎಣಿಸಿದವರಿಗೆ

ಬರುವ ಸೋಮವಾರ ನಮ್ಮ ಮನೆಗೆ ಸಿಪ್ಯಾಪ್ ಮಷಿನ್, ಅಂದರೆ ಮಲಗಿದಾಗ ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಡುವ ಮಷಿನ್, ಬರುತ್ತಿದೆ. ಅದಕ್ಕೂ ಮೊದಲೇ ಇದನ್ನು ಬರೆದುಬಿಡೋಣ ಅನ್ನಿಸಿತು. ಎರಡು ತಿಂಗಳಿಂದ ಎಷ್ಟೋ ಜನ ಫೋನ್ ಮಾಡಿದ್ದೀರಿ, ಮನೆಗೆ ಬಂದು ವಿಚಾರಿಸಿದ್ದೀರಿ, ಯಾರಿಗೂ ಸರಿಯಾಗಿ ಏನೂ ಹೇಳಿರಲಿಲ್ಲ. ನನಗೆ ಸ್ಲೀಪ್ ಅಪ್ನಿಯಾ ಇದೆ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಮೆದುಳು ಒಂದು ಕ್ಷಣ ಎಬ್ಬಿಸುತ್ತದೆ, ಉಸಿರು ಬರುತ್ತದೆ, ಮತ್ತೆ ಮುಚ್ಚುತ್ತದೆ. ರಾತ್ರಿಯೆಲ್ಲ ಇದೇ. ಬೆಳಿಗ್ಗೆ ನನಗೆ ಇದ್ಯಾವುದೂ ನೆನಪಿರುವುದಿಲ್ಲ.

ನೆನಪಿರುತ್ತಿದ್ದದ್ದು ನನ್ನ ಹೆಂಡತಿಗೆ. ಎರಡು ವರ್ಷದಿಂದ ಅವಳು ನನ್ನ ಎದೆಯ ಮೇಲೆ ಕೈ ಇಟ್ಟುಕೊಂಡೇ ಮಲಗುತ್ತಿದ್ದಳು. ಎದೆ ಏಳುವುದು ನಿಂತರೆ ಭುಜ ತಟ್ಟಿ "ರೀ, ಮಗ್ಗುಲಾಗಿ" ಅನ್ನುತ್ತಿದ್ದಳು. ನಾನು ಸಿಡುಕುತ್ತಿದ್ದೆ. ಸುಮ್ನೆ ನಿದ್ದೆ ಕೆಡಿಸ್ತೀಯ ಅಂತ ಬೈದದ್ದೂ ಉಂಟು. ರಿಪೋರ್ಟ್ ಬಂದ ದಿನ ಅವಳು ಹೇಳಿದಳು, "ಗೊರಕೆ ಕೇಳಿಸಿದರೆ ನನಗೆ ನೆಮ್ಮದಿ. ನಿಂತಾಗಲೇ ಜೀವ ಬಾಯಿಗೆ ಬರ್ತಿತ್ತು." ಕ್ಷಮಿಸು ಅಂತ ಮನೆಯಲ್ಲಿ ಹೇಳಿದ್ದೇನೆ. ಇಲ್ಲಿ ಎಲ್ಲರೆದುರು ಇನ್ನೊಮ್ಮೆ ಹೇಳುತ್ತೇನೆ.

ಅವಳ ಮಾತಿಗೆ ಬಗ್ಗದ ನನ್ನನ್ನು ಬಗ್ಗಿಸಿದ್ದು ಮಗಳ ಮೊಬೈಲ್. ಪಿಯುಸಿ ಪರೀಕ್ಷೆಗೆ ಓದುತ್ತಾ ಎಚ್ಚರವಿದ್ದವಳು ಒಂದು ರಾತ್ರಿ ಬಾಗಿಲಲ್ಲಿ ನಿಂತು ರೆಕಾರ್ಡ್ ಮಾಡಿದ್ದಳು. ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೇಳಿದೆ. ಜೋರು ಗೊರಕೆ, ಆಮೇಲೆ ಏನೂ ಇಲ್ಲ. ಫ್ಯಾನಿನ ಕಿರುಗುಟ್ಟುವ ಸದ್ದು ಮಾತ್ರ. ನಾನು ಗಣಿತದ ಮೇಷ್ಟ್ರು, ಕೈ ತಾನಾಗಿ ಗಡಿಯಾರದ ಕಡೆ ಹೋಯಿತು. ಮೂವತ್ತೊಂದು ಸೆಕೆಂಡ್. ಆಮೇಲೆ ಬಾವಿಯಲ್ಲಿ ಮುಳುಗಿದವನು ಮೇಲೆ ಬಂದು ಗಾಳಿ ಎಳೆದುಕೊಂಡ ಹಾಗೆ ಒಂದು ಸದ್ದು. ಅದು ನಾನೇ ಅಂತ ನಂಬೋಕೆ ಆಗಲಿಲ್ಲ. ಕಾಫಿ ಅಲ್ಲೇ ಆರಿಹೋಯಿತು.

ನನ್ನ ಜೀವ ಉಳಿದದ್ದು ನನ್ನ ಬಾಮೈದನಿಂದ. ಹಿರಿಯೂರಿನಿಂದ ದಾವಣಗೆರೆಗೆ ಬರುವಾಗ, ಮಟಮಟ ಮಧ್ಯಾಹ್ನ, ಹೈವೇಯಲ್ಲಿ ನನಗೆ ಕಣ್ಣು ಹತ್ತಿ ಕಾರು ಡಿವೈಡರ್ ಕಡೆ ಎಳೆಯಿತು. ಪಕ್ಕದಲ್ಲಿದ್ದವನು ಸ್ಟೇರಿಂಗ್ ಹಿಡಿದ. ಒಂದು ಮಾತು ಬೈಯಲಿಲ್ಲ, ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಟೀ ಅಂಗಡಿ ಹತ್ತಿರ ನಿಲ್ಲಿಸಿ, "ಭಾವ, ಟೆಸ್ಟ್ ಆಗೋವರೆಗೂ ಕೀ ನನ್ನ ಹತ್ರ ಇರಲಿ" ಅಂದ. ಇವತ್ತಿಗೂ ಕೀ ಅವನ ಹತ್ತಿರವೇ ಇದೆ.

ಆಸ್ಪತ್ರೆಯಲ್ಲಿ ನಿದ್ದೆಯ ಟೆಸ್ಟ್ ಮಾಡಿದ ರಾತ್ರಿ ತಲೆಗೆ, ಗಲ್ಲಕ್ಕೆ, ಕಾಲಿಗೆಲ್ಲ ವೈರು ಅಂಟಿಸಿ, ಎದೆಗೂ ಹೊಟ್ಟೆಗೂ ಬೆಲ್ಟ್ ಕಟ್ಟಿ, ಬೆರಳಿಗೆ ಕ್ಲಿಪ್ ಹಾಕಿ ಮಲಗಿಸಿದ ಹುಡುಗ ಬೆಳಗಿನವರೆಗೆ ಪಕ್ಕದ ಕೋಣೆಯಲ್ಲಿ ನನ್ನನ್ನೇ ನೋಡುತ್ತಾ ಕೂತಿದ್ದ. ಬೆಳಿಗ್ಗೆ ಬಿಸಿನೀರಲ್ಲಿ ಟವೆಲ್ ಅದ್ದಿ ನನ್ನ ಕೂದಲಿಗೆ ಮೆತ್ತಿದ್ದ ಪೇಸ್ಟನ್ನು ಅವನೇ ಒರೆಸಿದ. ಅವನ ಹೆಸರನ್ನೂ ಕೇಳದೆ ಬಂದುಬಿಟ್ಟೆ. ತಮ್ಮಾ, ಇದನ್ನು ಓದಿದರೆ ನಿನಗೆ ನನ್ನ ನಮಸ್ಕಾರ.

ಗಂಟೆಗೆ 38 ಸಲ ಉಸಿರಿಗೆ ಅಡ್ಡಿ ಅಂತ ರಿಪೋರ್ಟ್ ಬಂತು. 5ಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ, 30 ದಾಟಿದರೆ ತೀವ್ರ ಅಂತ ಡಾಕ್ಟರಮ್ಮ ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದರು. ಮಾತ್ರೆ ನುಂಗಿದರೂ ಇಳಿಯದ ಬಿಪಿ, ಬೆಳಗಿನ ತಲೆನೋವು, ರಾತ್ರಿ ಮೂರು ಸಲ ಮೂತ್ರಕ್ಕೆ ಏಳುವುದು, ಇವಕ್ಕೂ ಇದಕ್ಕೂ ನಂಟಿರಬಹುದು ಅಂದರು. ನಾನು ಇದನ್ನೆಲ್ಲ ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆ. ನಿಮ್ಮ ಮನೆಯಲ್ಲೂ ಗೊರಕೆ ಹೊಡೆದು ಹೊಡೆದು ನಡುವೆ ಸದ್ದಿಲ್ಲದೆ ಹೋಗುವವರು ಇದ್ದರೆ ದಯವಿಟ್ಟು ಒಮ್ಮೆ ತೋರಿಸಿ.

ಮಾಸ್ಕ್ ಅಂದರೆ ನನಗೆ ನಿಜವಾಗಿ ಭಯವಿತ್ತು. ಆ ಭಯ ಬಿಡಿಸಿದ್ದು ನಮ್ಮ ಶಾಲೆಯ ಹಳೆಯ ಹೆಡ್‌ಮೇಷ್ಟ್ರು. ಆರು ವರ್ಷದಿಂದ ಅವರು ಇದನ್ನೇ ಹಾಕಿಕೊಂಡು ಮಲಗುತ್ತಾರಂತೆ, ನಮಗ್ಯಾರಿಗೂ ಗೊತ್ತೇ ಇರಲಿಲ್ಲ. ಮನೆಗೆ ಕರೆಸಿ, ತಮ್ಮ ಮಂಚದ ಮೇಲೆ ಕೂರಿಸಿ, ತಮ್ಮ ಹತ್ತಿರವಿದ್ದ ಹೊಸ ಮಾಸ್ಕ್ ನನ್ನ ಮೂಗಿಗೆ ಹಾಕಿದರು. ಗಾಳಿ ನುಗ್ಗಿದಾಗ ಬೆಚ್ಚಿಬಿದ್ದೆ. ಅವರು ನನ್ನ ಕೈ ಹಿಡಿದುಕೊಂಡು, "ಬಾಯಿ ಮುಚ್ಚಿ, ಮೂಗಲ್ಲೇ ನಿಧಾನ ಎಳೆದುಕೊಳ್ಳಿ" ಅಂದರು. ಹತ್ತು ಉಸಿರಿನ ಹೊತ್ತಿಗೆ ಸಮಾಧಾನವಾಯಿತು. ಮೊದಮೊದಲು ಸಂಜೆ ಪೇಪರ್ ಓದುತ್ತಾ ಅರ್ಧ ಗಂಟೆ ಹಾಕಿಕೊಂಡು ರೂಢಿ ಮಾಡಿಕೊಳ್ಳಿ, ತೇವ ಕೊಡುವ ಡಬ್ಬಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಮಾಸ್ಕ್ ದಿನಾ ತೊಳೆಯಿರಿ ಅಂತ ಮಗುವಿಗೆ ಹೇಳಿದ ಹಾಗೆ ಹೇಳಿಕೊಟ್ಟರು. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವನ್ ಅನ್ನುವ ಡಾಕ್ಟರು ಮೂಗಿನಿಂದ ಒತ್ತಡದ ಗಾಳಿ ಕೊಟ್ಟರೆ ದಾರಿ ಮುಚ್ಚುವುದಿಲ್ಲ ಅಂತ ಐದು ರೋಗಿಗಳಲ್ಲಿ ತೋರಿಸಿದ ಕಥೆಯನ್ನೂ ಅವರೇ ಹೇಳಿದ್ದು. ಅದಕ್ಕೂ ಮುಂಚೆ, ತೀರಾ ಜಾಸ್ತಿ ಆದವರಿಗೆ ಉಸಿರಾಡೋಕೆ ಕುತ್ತಿಗೆಯಲ್ಲಿ ತೂತು ಮಾಡುತ್ತಿದ್ದರಂತೆ. ಕಂಡಿಲ್ಲದ ಆ ಪುಣ್ಯಾತ್ಮ ಸಲ್ಲಿವನ್ ಅವರಿಗೂ ಕೈ ಮುಗಿದೆ.

ಈಗ ಮಂಚದ ಪಕ್ಕ ಹೊಸ ಪ್ಲಗ್ ಪಾಯಿಂಟ್ ಆಗಿದೆ. ಕರೆಂಟ್ ಹೋದರೂ ಮಷಿನ್ ನಿಲ್ಲಬಾರದು ಅಂತ ಬಾಮೈದ ಯುಪಿಎಸ್‌ನಿಂದ ವೈರ್ ಎಳೆಸಿದ್ದಾನೆ. ಮಷಿನ್ ಕೊಡುವ ಹುಡುಗನಿಗೆ ಹೆಂಡತಿ ಫೋನಲ್ಲಿ ಎರಡೆರಡು ಸಲ ಕೇಳಿದಳು, ಉಸಿರು ನಿಂತರೆ ಗೊತ್ತಾಗುತ್ತಾ ಅಂತ. ರಾತ್ರಿಯ ಲೆಕ್ಕವೆಲ್ಲ ಮಷಿನ್ನೇ ಬರೆದಿಡುತ್ತೆ ಮೇಡಂ, ಬೆಳಿಗ್ಗೆ ನೋಡಬಹುದು ಅಂದನಂತೆ.

ಇನ್ನು ನೀನು ನೆಮ್ಮದಿಯಾಗಿ ಮಲಗು ಅಂದೆ.

"ಮೊದಲ ಒಂದು ವಾರ ನಾನೂ ನೋಡ್ತೀನಿ" ಅಂದಳು.