ಪೋಷಕರಿಗೆ ಪತ್ರ: ಹೋಸೆ ರಿಸಾಲ್ ಬೆಳೆದ ಮನೆ

ಪ್ರೀತಿಯ ಪೋಷಕರೇ,

ನಮಸ್ಕಾರ. ಏಳನೇ ತರಗತಿ ಮಕ್ಕಳು ಮನೆಯಲ್ಲಿ ‘ರಿಸಾಲ್, ರಿಸಾಲ್’ ಎನ್ನುತ್ತಿದ್ದರೆ ಗಾಬರಿಯಾಗಬೇಡಿ. ಹೋಸೆ ರಿಸಾಲ್ ಫಿಲಿಪ್ಪೀನ್ಸಿನ ರಾಷ್ಟ್ರವೀರ. ಜೂನ್ 19 ಅವರು ಹುಟ್ಟಿದ ದಿನ. ಅಂದು ಬೆಳಗಿನ ಪ್ರಾರ್ಥನೆ ಹೊತ್ತಿನಲ್ಲಿ ಅವರ ಬಗ್ಗೆ ಸ್ವಲ್ಪ ಹೇಳಿದ್ದೆವು. ಒಬ್ಬನೇ ಮನುಷ್ಯ ಕಣ್ಣಿನ ಡಾಕ್ಟರು, ಕಾದಂಬರಿಕಾರ, ಕವಿ, ಶಿಲ್ಪಿ, ಸರ್ವೇಯರ್, ಕತ್ತಿವರಸೆಗಾರ, ಮೇಷ್ಟ್ರು! ಇದು ಹೇಗೆ ಸಾಧ್ಯ ಅಂತ ಮಕ್ಕಳು ಕೇಳುತ್ತಿದ್ದಾರೆ. ಉತ್ತರದ ದೊಡ್ಡ ಪಾಲು ಅವರ ಮನೆಯಲ್ಲಿದೆ. ಅದಕ್ಕೇ ಈ ಪತ್ರ ನಿಮಗೆ.

ರಿಸಾಲ್ ಹುಟ್ಟಿದ್ದು 1861ರಲ್ಲಿ, ಲಗೂನಾ ಪ್ರಾಂತ್ಯದ ಕಲಂಬಾ ಊರಿನಲ್ಲಿ. ಹನ್ನೊಂದು ಮಕ್ಕಳಲ್ಲಿ ಏಳನೆಯವರು. ಗಂಡುಮಕ್ಕಳು ಇಬ್ಬರೇ, ಉಳಿದವರೆಲ್ಲ ಹೆಣ್ಣುಮಕ್ಕಳು. ತಂದೆ ಫ್ರಾನ್ಸಿಸ್ಕೊ ಮೆರ್ಕಾಡೊ ಅವರ ಪೂರ್ವಿಕರೊಬ್ಬರು ಚೀನಾದಿಂದ ಬಂದವರು. ಡೊಮಿನಿಕನ್ ಪಾದ್ರಿಗಳ ಜಮೀನನ್ನು ಗೇಣಿಗೆ ಹಿಡಿದು ಭತ್ತ, ಕಬ್ಬು ಬೆಳೆಯುತ್ತಿದ್ದ ಅನುಕೂಲಸ್ಥ ಕುಟುಂಬ. ಮನೆಯಲ್ಲಿ ಸಾವಿರಕ್ಕೂ ಹೆಚ್ಚು ಪುಸ್ತಕಗಳಿದ್ದವು. ತಾಯಿ ತಿಯೊಡೊರಾ ಮನಿಲಾದಲ್ಲಿ ಓದಿದವರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಮಗನಿಗೆ ಮೊದಲು ಅಕ್ಷರ ಕಲಿಸಿದ್ದು ಈ ತಾಯಿಯೇ. ಒಂದು ರಾತ್ರಿ ತೆಂಗಿನೆಣ್ಣೆ ದೀಪದ ಕೆಳಗೆ ಸ್ಪ್ಯಾನಿಷ್ ಪುಸ್ತಕ ಓದಿಸುತ್ತಿದ್ದರು. ಹುಡುಗ ತಡವರಿಸಿದ. ಪುಸ್ತಕದ ಪುಟಗಳ ಮೇಲೆ ತಮಾಷೆ ಚಿತ್ರ ಬೇರೆ ಬರೆದಿದ್ದ. (ನಮ್ಮ ಮಕ್ಕಳ ನೋಟ್‌ಬುಕ್ಕಿನ ಕೊನೇ ಪುಟ ನೋಡಿದ್ದೀರಲ್ವಾ?) ತಾಯಿ ಬೈದು, ತಾವೇ ಓದತೊಡಗಿದರು. ಹುಡುಗನ ಕಣ್ಣು ದೀಪದ ಸುತ್ತ ಸುತ್ತುವ ಹುಳುಗಳ ಮೇಲೆ. ಅದನ್ನು ಕಂಡು ತಾಯಿ ಎಳೆಯ ಪತಂಗದ ಕಥೆ ತೆಗೆದರು. ದೀಪದ ಹತ್ತಿರ ಹೋಗಬೇಡ ಎಂದ ತಾಯಿಯ ಮಾತು ಕೇಳದೆ ಅದು ಸುಟ್ಟುಹೋಗುತ್ತದೆ. ಕಥೆ ಹೇಳಿದ್ದು ಎಚ್ಚರಿಕೆಗೆ. ಆದರೆ ಹುಡುಗನಿಗೆ ಬೆಳಕು ಇನ್ನಷ್ಟು ಚೆನ್ನಾಗಿ ಕಂಡಿತಂತೆ! ದೊಡ್ಡವರಾದ ಮೇಲೆ ಅವರೇ ಬರೆದುಕೊಂಡಿದ್ದಾರೆ.

ಈ ಮನೆಗೆ ಕಷ್ಟ ಬರಲಿಲ್ಲ ಅಂದುಕೊಳ್ಳಬೇಡಿ. ರಿಸಾಲ್ ಚಿಕ್ಕವರಿದ್ದಾಗಲೇ ತಾಯಿಯ ಮೇಲೆ ವಿಷಪ್ರಾಶನದ ಸುಳ್ಳು ಆರೋಪ ಹೊರಿಸಿದರು. ಕಲಂಬಾದಿಂದ ಸಾಂತಾ ಕ್ರೂಸ್‌ವರೆಗೆ, ಸುಮಾರು 50 ಕಿಲೋಮೀಟರ್, ನಡೆಸಿಕೊಂಡು ಹೋಗಿ ಜೈಲಿಗೆ ಹಾಕಿದರು. ಎರಡೂವರೆ ವರ್ಷ ಅಲ್ಲೇ ಇದ್ದರು.

ಅಣ್ಣ ಪಾಸಿಯಾನೊ ಅವರ ಹೆಸರು ಯಾರೂ ಜಾಸ್ತಿ ಹೇಳುವುದಿಲ್ಲ. ನನಗಂತೂ ಈ ಕಥೆಯಲ್ಲಿ ಅವರೇ ಹೆಚ್ಚು ಇಷ್ಟ. 1872ರಲ್ಲಿ, ಆಗ ಫಿಲಿಪ್ಪೀನ್ಸನ್ನು ಆಳುತ್ತಿದ್ದ ಸ್ಪೇನ್ ಸರ್ಕಾರ ದಂಗೆಯ ಆರೋಪ ಹೊರಿಸಿ ಮೂವರು ಪಾದ್ರಿಗಳನ್ನು ಕೊಂದಿತು. ಅವರಲ್ಲಿ ಬುರ್ಗೋಸ್ ಎಂಬವರು ಪಾಸಿಯಾನೊಗೆ ಹತ್ತಿರದವರು. ಹಾಗಾಗಿ ಮೆರ್ಕಾಡೊ ಎಂಬ ಹೆಸರಿಗೇ ಅನುಮಾನದ ಕಣ್ಣು ಬಿತ್ತು. ಶಾಲೆಗೆ ಸೇರುವಾಗ ಮನೆತನದ ಇನ್ನೊಂದು ಹೆಸರು ರಿಸಾಲ್ ಅಂತಲೇ ಬರೆಸು ಎಂದು ತಮ್ಮನಿಗೆ ಹೇಳಿದ್ದು ಅಣ್ಣ. ತಾವು ಓದು ಬಿಟ್ಟು ಜಮೀನು ನೋಡಿಕೊಂಡರು. 1882ರಲ್ಲಿ ಅಪ್ಪ ಅಮ್ಮನಿಗೂ ಗೊತ್ತಾಗದಂತೆ ತಮ್ಮನನ್ನು ಸ್ಪೇನಿಗೆ ಹಡಗು ಹತ್ತಿಸಿದ್ದೂ, ಓದಿಗೆ ದುಡ್ಡು ಕಳಿಸಿದ್ದೂ ಅವರೇ.

ರಿಸಾಲ್ ಮ್ಯಾಡ್ರಿಡ್‌ನಲ್ಲಿ ವೈದ್ಯಕೀಯ ಓದಿ, ಪ್ಯಾರಿಸ್ ಮತ್ತು ಹೈಡೆಲ್‌ಬರ್ಗ್‌ನಲ್ಲಿ ಕಣ್ಣಿನ ಚಿಕಿತ್ಸೆ ಕಲಿತರು. ತಾಯಿಯ ದೃಷ್ಟಿ ಮಂಜಾಗುತ್ತಿತ್ತಲ್ಲ, ಆ ಚಿಂತೆ ಇತ್ತು. ಮುಂದೆ ತಾಯಿಯ ಕಣ್ಣಿನ ಪೊರೆಯನ್ನು ತಾವೇ ಆಪರೇಷನ್ ಮಾಡಿ ತೆಗೆದರು. ಒಮ್ಮೆ ಆಪರೇಷನ್ ಆದ ಮೇಲೆ ಅಮ್ಮ ಮಾತು ಕೇಳದೆ ಪಟ್ಟಿ ಬಿಚ್ಚಿ ಕಟ್ಟಿ ಮಾಡಿ, ಕಣ್ಣು ಉರಿಯೂತಕ್ಕೆ ತಿರುಗಿತು. ಡಾಕ್ಟರ್ ಮಗ ಪತ್ರದಲ್ಲಿ ಗೊಣಗಿಕೊಂಡಿದ್ದಾರೆ. ಎಲ್ಲ ಊರಿನ ಅಮ್ಮಂದಿರೂ ಹೀಗೇನೋ!

1887ರಲ್ಲಿ ಬರ್ಲಿನ್‌ನಲ್ಲಿ ಅಚ್ಚಾದ ‘ನೋಲಿ ಮೆ ತಾಂಗೆರೆ’ ಮತ್ತು 1891ರ ಅದರ ಮುಂದಿನ ಕಾದಂಬರಿ ಸ್ಪೇನ್ ಆಡಳಿತವನ್ನು ಕೆರಳಿಸಿದವು. ಸರ್ಕಾರ 1892ರಲ್ಲಿ ಅವರನ್ನು ದೂರದ ಮಿಂಡನಾವೊ ದ್ವೀಪದ ದಪಿತಾನ್ ಊರಿಗೆ ಗಡೀಪಾರು ಮಾಡಿತು. ಮಕ್ಕಳಿಗೆ ನಾವು ಹೆಚ್ಚು ಹೇಳಿದ್ದು ಆ ನಾಲ್ಕು ವರ್ಷಗಳ ಬಗ್ಗೆ. ಅಲ್ಲಿ ಲಾಟರಿಯಲ್ಲಿ ಅವರ ಪಾಲಿಗೆ 6,200 ಪೆಸೊ ಬಂತು. 2,000 ತಂದೆಗೆ ಕೊಟ್ಟು, ಉಳಿದದ್ದರಲ್ಲಿ ಜಮೀನು ಕೊಂಡರು. ಹುಡುಗರಿಗೆ ಶಾಲೆ ನಡೆಸಿದರು. ಫೀಸು ಇಲ್ಲ, ಬದಲಿಗೆ ತೋಟದ ಕೆಲಸ. ಗಣಿತ, ಭಾಷೆಗಳ ಜೊತೆ ಈಜು, ಕತ್ತಿವರಸೆಯೂ ಇತ್ತು. ಊರಿಗೆ ನೀರಿನ ವ್ಯವಸ್ಥೆ ಮಾಡಿದರು. ಕಪ್ಪೆ, ಹಲ್ಲಿ, ಜೀರುಂಡೆಗಳನ್ನು ಹಿಡಿದು ಯುರೋಪಿಗೆ ಕಳಿಸಿದರು. ಹಾರುವ ಓತಿಯೊಂದಕ್ಕೆ ಅವರ ಹೆಸರನ್ನೇ ಇಟ್ಟಿದ್ದರು. ಹಳೆಯ ಮೇಷ್ಟ್ರು ಪಾದ್ರಿ ಸಾಂಚೆಸ್ ಅಲ್ಲಿಗೆ ಬಂದಾಗ, ಗುರು ಶಿಷ್ಯರು ಸೇರಿ ಚರ್ಚಿನ ಎದುರಿನ ಮೈದಾನದಲ್ಲಿ ಮಿಂಡನಾವೊ ದ್ವೀಪದ ಉಬ್ಬು ನಕ್ಷೆ ಮಾಡಿದರು. ಅದು ಈಗಲೂ ಇದೆ. ಅವರಿಗೆ 22 ಭಾಷೆ ಬರ್ತಿತ್ತು ಅಂತ ಕೆಲವರು ಎಣಿಸುತ್ತಾರೆ. ನನಗೆ ಆ ಲೆಕ್ಕಕ್ಕಿಂತ ಈ ನಕ್ಷೆ ದೊಡ್ಡದು.

1896ರ ಡಿಸೆಂಬರ್ 30ರಂದು ಸ್ಪೇನ್ ಆಡಳಿತ ದಂಗೆಯ ಆರೋಪ ಹೊರಿಸಿ ಮನಿಲಾದಲ್ಲಿ ಅವರನ್ನು ಗುಂಡಿಟ್ಟು ಕೊಂದಿತು. ವಯಸ್ಸು 35. ಹಿಂದಿನ ದಿನ ಕೊನೆಯ ಕವಿತೆಯನ್ನು ಸ್ಪಿರಿಟ್ ಒಲೆಯೊಳಗೆ ಬಚ್ಚಿಟ್ಟು ತಂಗಿ ಟ್ರಿನಿಡಾಡ್‌ಗೆ ಕೊಟ್ಟರು. ಒಳಗೆ ಏನೋ ಇದೆ ಎಂದು, ಕಾವಲುಗಾರರಿಗೆ ತಿಳಿಯದಂತೆ ಇಂಗ್ಲಿಷಿನಲ್ಲಿ ಹೇಳಿದರು. ಅಕ್ಕ ನಾರ್ಸಿಸಾ ಸ್ಮಶಾನಗಳನ್ನು ಹುಡುಕಿ, ಹೆಸರಿಲ್ಲದೆ ಹೂತಿದ್ದ ಜಾಗ ಪತ್ತೆಹಚ್ಚಿದರು. ಅಲ್ಲಿ ತಮ್ಮನ ಹೆಸರಿನ ಮೊದಲಕ್ಷರಗಳನ್ನು ಹಿಂದುಮುಂದಾಗಿ ಬರೆಸಿದರು.

ಇನ್ನು ಶಾಲೆಯ ವಿಷಯ. ಮುಂದಿನ ಶನಿವಾರ ಎರಡು ಪೀರಿಯಡ್ ಪೋಷಕರಿಗೇ ಬಿಟ್ಟಿದ್ದೇವೆ. ಹೊಲಿಗೆ, ಕಸಿ ಕಟ್ಟುವುದು, ಸೈಕಲ್ ರಿಪೇರಿ, ಹಾಡು, ಕಥೆ... ನಿಮಗೆ ಬರುವುದೇನಾದರೂ ಮಕ್ಕಳಿಗೆ ಕಲಿಸಬಹುದು. ಅಜ್ಜ ಅಜ್ಜಿಯರು ಬಂದರೆ ಇನ್ನೂ ಸಂತೋಷ. ಬರುವವರು ಗುರುವಾರದೊಳಗೆ ಮಗುವಿನ ಡೈರಿಯಲ್ಲಿ ಬರೆದು ಕಳಿಸಿ. ಬೇಕಾದ ಸಾಮಾನು ಏನೆಂದು ತಿಳಿಸಿದರೆ ನಾವೇ ಹೊಂದಿಸುತ್ತೇವೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ