ಬೂಸಾ, ಹುಲ್ಲು, ಲದ್ದಿ ಮತ್ತು ಒಂದಿಷ್ಟು ಥ್ಯಾಂಕ್ಸ್

ಎಲ್ರಿಗೂ ನಮಸ್ಕಾರ. ಕುದುರೆ ಏನು ತಿನ್ಬೇಕು, ಎಷ್ಟು ತಿನ್ಬೇಕು ಅನ್ನೋ ಸಂಶೋಧನೆ ಮಾಡ್ಕೊಂಡಿದ್ದ ನಾನು ಈ ತಿಂಗಳು ರಿಟೈರ್ ಆದೆ. ಬೀಳ್ಕೊಡುಗೆ ದಿನ ಮೈಕ್ ಕೈಗೆ ಬಂದ ಕೂಡ್ಲೇ ಗಂಟಲು ಕಟ್ಟಿ, ನೆನೆಸ್ಕೋಬೇಕಾದವರಲ್ಲಿ ಅರ್ಧ ಜನ ಬಾಯಿಗೇ ಬರ್ಲಿಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ, ಉದ್ದ ಆಯ್ತು ಅಂತ ಬೈಕೋಬೇಡಿ.

ಮೊದಲ್ನೇ ನಮಸ್ಕಾರ ಹೆಬ್ಬಾಳದ ವೆಟರ್ನರಿ ಕಾಲೇಜಲ್ಲಿ ನನಗೆ ಗೈಡ್ ಆಗಿದ್ದ ಮೇಷ್ಟ್ರಿಗೆ. ಆಗ ಪಶು ಆಹಾರ ಅಂದ್ರೆ ಹಸು, ಎಮ್ಮೆ, ಕೋಳಿ ಅಷ್ಟೇ, ಹಾಲು ಎಷ್ಟು ಲೀಟರ್ ಜಾಸ್ತಿ ಆಯ್ತು ಅನ್ನೋದೇ ಲೆಕ್ಕ. ಹುಡುಗಿ ಕುದುರೆ ಮೇಲೆ ಕೆಲಸ ಮಾಡ್ತೀನಿ ಅಂದಾಗ ನಗದೇ ಇದ್ದೋರು ಅವರೊಬ್ರೇ. "ಹಸುವಿನ ಪುಸ್ತಕ ಪಕ್ಕಕ್ಕಿಡಮ್ಮ, ಕುದುರೆ ಮೆಲುಕು ಹಾಕಲ್ಲ, ವಾಂತಿ ಮಾಡಕ್ಕೂ ಬರಲ್ಲ, ತಪ್ಪು ತಿಂದ್ರೆ ಅನುಭವಿಸ್ಲೇಬೇಕು" ಅಂದು, ಅಮೆರಿಕದ ಕಾರ್ನೆಲ್‌ನಲ್ಲಿ ಹಿಂಟ್ಜ್ ಮತ್ತು ಶ್ರೈವರ್ 70ರ ದಶಕದಲ್ಲಿ ಕುದುರೆಯ ಕ್ಯಾಲ್ಸಿಯಂ, ಫಾಸ್ಫರಸ್ ಬಗ್ಗೆ ಬರೆದ ಪೇಪರ್‌ಗಳ ಜೆರಾಕ್ಸ್ ಕೈಗಿಟ್ರು.

ನನ್ನ ಸರ್ವೀಸೆಲ್ಲಾ ಒಂದು ಬಕೆಟ್ ಗೋಧಿ ಬೂಸಾ ಹಿಂದೆ ಹೋಯ್ತು ಅಂತ ನಮ್ಮನೇವ್ರು ರೇಗಿಸ್ತಾರೆ, ಸುಳ್ಳೇನಲ್ಲ. ಕುದುರೆ ತಿನ್ನೋದ್ರಲ್ಲಿ ಫಾಸ್ಫರಸ್ ಎಷ್ಟಿದೆಯೋ ಕ್ಯಾಲ್ಸಿಯಂ ಕಡೇಪಕ್ಷ ಅಷ್ಟಾದ್ರೂ ಇರ್ಬೇಕು. ಕೆಲಸ ಇಲ್ಲದೆ ನಿಂತಿರೋ 500 ಕೆಜಿ ಕುದುರೆಗೆ ದಿನಕ್ಕೆ 20 ಗ್ರಾಂ ಕ್ಯಾಲ್ಸಿಯಂ, 14 ಗ್ರಾಂ ಫಾಸ್ಫರಸ್ ಬೇಕು. ಬೂಸಾದಲ್ಲಿ ಲೆಕ್ಕ ಉಲ್ಟಾ, ಫಾಸ್ಫರಸ್ಸೇ ಹತ್ತಿರ ಹತ್ತಿರ ಹತ್ತು ಪಟ್ಟು. ಅದನ್ನೇ ಬಕೆಟ್‌ಗಟ್ಟಲೆ ಹಾಕ್ತಾ ಹೋದ್ರೆ ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂನ ದೇಹ ಮೂಳೆಯಿಂದ ಕಿತ್ಕೊಳ್ಳುತ್ತೆ, ಮುಖದ ಮೂಳೆ ಊದುತ್ತೆ, ಹಲ್ಲು ಸಡಿಲ ಆಗುತ್ತೆ, ಇವತ್ತು ಈ ಕಾಲು ಕುಂಟಿದ್ರೆ ನಾಳೆ ಆ ಕಾಲು. ನೇಪಿಯರ್ ಹುಲ್ಲೂ ಸಾಚಾ ಅಲ್ಲ, ಅದರಲ್ಲಿರೋ ಆಕ್ಸಲೇಟ್ ಅನ್ನೋ ಅಂಶ ಕ್ಯಾಲ್ಸಿಯಂನ ಹಿಡ್ಕೊಂಬಿಡುತ್ತೆ. ಹಸುವಿನ ಹೊಟ್ಟೇಲಿ ಸೂಕ್ಷ್ಮಜೀವಿಗಳು ಮೊದಲೇ ಕೂತು ಅದನ್ನ ಒಡೆದು ಹಾಕ್ತವೆ, ಕುದುರೇಲಿ ಅವು ಇರೋದು ದೊಡ್ಡ ಕರುಳಲ್ಲಿ, ಕ್ಯಾಲ್ಸಿಯಂ ಹೀರ್ಕೊಳ್ಳೋ ಸಣ್ಣ ಕರುಳು ದಾಟಿದ ಮೇಲೆ. ಅಷ್ಟೊತ್ತಿಗೆ ಬಸ್ಸು ಹೋಗಿರುತ್ತೆ.

ಇನ್ನು ಬೆಂಗಳೂರು ರೇಸ್ ಕುದುರೆ ಲಾಯಗಳ ಸೈಸ್‌ಗಳು, ಅಂದ್ರೆ ಕುದುರೆ ನೋಡ್ಕೊಳ್ಳೋರು. ಹೆಸರು ಹಾಕ್ಬೇಡಿ ಮೇಡಂ ಅಂದಿದಾರೆ, ಹಾಕಲ್ಲ. ಅವರಲ್ಲೊಬ್ಬ ವಯಸ್ಸಾದವರು ಬೆಳಗಿನ ಜಾವ ಲಾಯಕ್ಕೆ ಬಂದ ತಕ್ಷಣ ಒಂದು ಲದ್ದಿ ಉಂಡೆ ಕೈಗೆತ್ತಿ ಹೆಬ್ಬೆರಳಲ್ಲಿ ಒಡೆದು ನೋಡೋರು. ಒಳಗೆ ಓಟ್ಸ್ ಕಾಳು ಇಡಿ ಇಡಿಯಾಗಿ ಕಂಡ್ರೆ "ಹಲ್ಲು ನೋಡಿ ಮೇಡಂ, ಅಗೀತಿಲ್ಲ", ಉಂಡೆ ಗಟ್ಟಿಯಾಗಿ ಚಿಕ್ಕದಾಗಿದ್ರೆ "ನೀರು ಕುಡೀತಿಲ್ಲ". ಆಮೇಲೆ ಪಕ್ಕೆಗೆ ಕಿವಿ ಕೊಟ್ಟು ಹೊಟ್ಟೆ ಗುಡುಗುಡು ಕೇಳೋರು, ಸದ್ದೇ ಇಲ್ಲ ಅಂದ್ರೆ ಡಾಕ್ಟ್ರಿಗೆ ಫೋನ್. ನನ್ನ ಸ್ಟೂಡೆಂಟ್‌ಗಳಿಗೆ ಸ್ಟೆತಾಸ್ಕೋಪ್ ಕೊಡೋಕೆ ಮುಂಚೆ ಅವರ ಹತ್ರ ಒಂದು ವಾರ ಬಿಡ್ತಿದ್ದೆ, ಆಮೇಲೆ ಲ್ಯಾಬಲ್ಲಿ ಅವರಿಗೆ ಹೊಸದಾಗಿ ಹೇಳೋಕೆ ನನ್ನ ಹತ್ರ ಜಾಸ್ತಿ ಉಳೀತಿರ್ಲಿಲ್ಲ.

ಮೈಸೂರಿನ ಜಟಕಾದವರಿಗೆ ದೊಡ್ಡ ಸಲಾಂ. ರಕ್ತ ತೆಗೆಯೋಕೆ, ತೂಕದ ಟೇಪ್ ಸುತ್ತೋಕೆ ಗಾಡಿ ನಿಲ್ಸಿದ್ರೆ ಅಷ್ಟು ಹೊತ್ತಿನ ಬಾಡಿಗೆ ಹೋದಂಗೆ, ಆದ್ರೂ ನಿಂತ್ರಲ್ಲ. ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು) ಹಾಕಿ ಅಂದ್ರೆ "ಅದರ ರೇಟ್ ಗೊತ್ತಾ ಮೇಡಂ, ಹಂಗಾದ್ರೆ ನಾವೇನ್ ತಿನ್ನೋಣ" ಅಂತ ಕೇಳಿದ್ದು ಅವ್ರೇ. ಆ ಪ್ರಶ್ನೆಯಿಂದ ನನ್ನ ಕೆಲಸದ ದಾರೀನೇ ಬೇರೆ ಆಯ್ತು, ದುಬಾರಿ ಫೀಡ್ ಬಿಟ್ಟು ಬೂಸಾ ಕಮ್ಮಿ ಮಾಡಿ ಕ್ಯಾಲ್ಸಿಯಂಗೆ ಸುಣ್ಣಕಲ್ಲಿನ ಪುಡಿ ಬೆರೆಸೋ ಲೆಕ್ಕಕ್ಕೆ ಬಂದ್ವಿ (ಎಲೆ ಅಡಿಕೆಗೆ ಹಾಕೋ ಸುಣ್ಣ ಅಲ್ಲ ಮತ್ತೆ, ಯಾರೂ ಟ್ರೈ ಮಾಡ್ಬೇಡಿ!).

"ಕುದುರೆ ಶ್ರೀಮಂತರ ಶೋಕಿ, ಸರ್ಕಾರದ ದುಡ್ಡು ಯಾಕೆ" ಅಂತ ನನ್ನ ಪ್ರಾಜೆಕ್ಟ್ ವಾಪಸ್ ಕಳಿಸಿದ ಕಮಿಟಿಯವರನ್ನೂ ನೆನೆಸ್ಕೋತೀನಿ, ಸಿಟ್ಟು ಪೂರ್ತಿ ಇಳಿದಿಲ್ಲ. ಉತ್ತರ ಭಾರತದ ಇಟ್ಟಿಗೆ ಭಟ್ಟಿಗಳಲ್ಲಿ ಬೆನ್ನು ಹುಣ್ಣಾಗಿರೋ ಹೇಸರಗತ್ತೆ ಯಾರ ಶೋಕಿ ಸ್ವಾಮಿ? ದೇಶದಲ್ಲಿ 2012ಕ್ಕೆ 6 ಲಕ್ಷ ಮೀರಿದ್ದ ಕುದುರೆ, ಪೋನಿಗಳು 2019ರ ಗಣತಿಗೆ 3.4 ಲಕ್ಷಕ್ಕೆ ಬಂದಿದಾವೆ, ನೋಡ್ಕೊಳ್ಳೋರೂ ಹಂಗೇ ಕಮ್ಮಿ ಆಗ್ತಿದಾರೆ.

ಹಿಸಾರ್‌ನ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರದ ಗೆಳೆಯರೇ, 2008ರ ಜೂನ್‌ನಲ್ಲಿ ಜಮ್ಮುವಿನ ಕತ್ರಾದಲ್ಲಿ ಕುದುರೆ ಫ್ಲೂ ಶುರುವಾಗಿ ದೇಶದ ಹಲವು ರಾಜ್ಯಗಳಿಗೆ ಹಬ್ಬಿದಾಗ ನೀವು ನಿದ್ದೆಗೆಟ್ಟಿದ್ದು ಹೊರಗಿನವರಿಗೆ ಗೊತ್ತಾಗ್ಲೇ ಇಲ್ಲ. ಜ್ವರ ಇದ್ದ ಒಂದೊಂದು ದಿನಕ್ಕೂ ಒಂದು ವಾರ ರೆಸ್ಟ್ ಕೊಡಿ, ಒಣಹುಲ್ಲು ನೆನೆಸಿ ಹಾಕಿ ಧೂಳು ಕೂರ್ಲಿ ಅಂತ ನಾವು ಹೇಳೋದು ಸುಲಭ, ದಿನದ ದುಡಿಮೆಯೋರು ಅದನ್ನ ಮಾಡಿದ್ರಲ್ಲ, ಅವರಿಗೂ ಥ್ಯಾಂಕ್ಸ್.

ಮನೆಯವರ ಬಗ್ಗೆ ಜಾಸ್ತಿ ಬರೆದ್ರೆ ಅವ್ರಿಗೆ ಆಗಲ್ಲ. ಲದ್ದಿ ಸ್ಯಾಂಪಲ್ ಡಬ್ಬಿಗಳನ್ನ ಫ್ರಿಜ್‌ನಲ್ಲಿ ದೋಸೆ ಹಿಟ್ಟಿನ ಪಕ್ಕ ಇಡೋಕೆ ಬಿಟ್ಟಿದ್ದಕ್ಕೆ ಅತ್ತೆಯವರಿಗೆ ಮಾತ್ರ ಸ್ಪೆಷಲ್ ಥ್ಯಾಂಕ್ಸ್.

ಫೋನ್ ನಂಬರ್ ಅದೇ ಇರುತ್ತೆ. ಫೀಡ್ ಲೆಕ್ಕ ಕೇಳೋದಿದ್ರೆ ಯಾವಾಗ ಬೇಕಾದ್ರೂ ಕೇಳಿ, ಆದ್ರೆ ರಾತ್ರಿ ಕುದುರೆ ಹೊಟ್ಟೆನೋವಿಂದ ಹೊರಳಾಡ್ತಿದ್ರೆ ನನಗೆ ಮೆಸೇಜ್ ಟೈಪ್ ಮಾಡ್ತಾ ಕೂರ್ಬೇಡಿ, ಮುಂದಿರೋ ತಿಂಡಿ ತೆಗೆದು ಹತ್ರದ ವೆಟರ್ನರಿ ಡಾಕ್ಟ್ರನ್ನ ಕರೆಸಿ.