ಆನ್‌ಲೈನ್ ಮಾರಾಟಗಾರರ ಗುಂಪುಗಳಲ್ಲಿ ವಯಸ್ಸಿನ ತಕರಾರು

ಮಾನ್ಯ ಸಂಪಾದಕರೇ,

ಇಳಕಲ್ ಸೀರೆ ಮತ್ತು ಗುಳೇದಗುಡ್ಡದ ಖಣಗಳನ್ನು ಆನ್‌ಲೈನ್ ಮೂಲಕ ಮಾರುವ ನಮ್ಮಂಥ ಸಣ್ಣ ವ್ಯಾಪಾರಿಗಳು ವಾಟ್ಸ್‌ಆ್ಯಪ್, ಟೆಲಿಗ್ರಾಂ, ಫೇಸ್‌ಬುಕ್‌ಗಳಲ್ಲಿ ಗುಂಪು ಕಟ್ಟಿಕೊಂಡು ಒಬ್ಬರಿಗೊಬ್ಬರು ನೆರವಾಗುತ್ತ ಬಂದಿದ್ದೇವೆ. ಇದು ಹವ್ಯಾಸದ ಹರಟೆಯಲ್ಲ, ಅನಿವಾರ್ಯತೆ. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಗ್ರಾಹಕರು ದೂರು ಕೊಟ್ಟರೆ ಆನ್‌ಲೈನ್ ಮಾರಾಟ ವೇದಿಕೆಗಳು 48 ಗಂಟೆಯೊಳಗೆ ಸ್ವೀಕೃತಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಒದಗಿಸಬೇಕು. ಅದೇ ವೇದಿಕೆಗಳಲ್ಲಿ ಮಾರುವವರ ಅಹವಾಲಿಗೆ ಆ ನಿಯಮಗಳಲ್ಲಿ ಅಂಥ ಗಡುವಿನ ಆಸರೆ ಇಲ್ಲ. ಹಣ ಕಡಿತವಾದಾಗ, ಹರಿದ ಸೀರೆ ವಾಪಸ್ ಬಂದಾಗ, ಖಾತೆ ಏಕಾಏಕಿ ಸ್ಥಗಿತಗೊಂಡಾಗ ನಾವು ಮೊದಲು ಕೇಳುವುದು ಗುಂಪಿನಲ್ಲಿ. ಅಲ್ಲಿ ಸಿಗುವ ಉತ್ತರ ಈಚೆಗೆ ಕೇಳಿದವರ ವಯಸ್ಸನ್ನು ಅವಲಂಬಿಸತೊಡಗಿದೆ ಎಂಬುದು ಈ ಪತ್ರ ಬರೆಯಲು ಕಾರಣ. ನಾನು ಐವತ್ತರ ಆಸುಪಾಸಿನವಳು; ಗುಂಪಿನ ಕಿರಿಯರಿಗೆ ಆಂಟಿ, ಹಿರಿಯರಿಗೆ ತಂಗಿ. ಹೀಗಾಗಿ ಎರಡೂ ಕಡೆಯವರು ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರ ಬಗ್ಗೆ ಆಡುವ ಮಾತು ನನ್ನ ಕಿವಿಗೆ ಬೀಳುತ್ತದೆ.

ಅರವತ್ತು ದಾಟಿದ ನೇಕಾರರೊಬ್ಬರು, ಸಾಗಣೆ ವೆಚ್ಚವೆಂದು ಎಣಿಸಿದ್ದಕ್ಕಿಂತ ಹೆಚ್ಚು ಹಣ ಹಿಡಿದುಕೊಂಡಿರುವುದು ಏಕೆ ಎಂದು ಕೇಳುತ್ತಾರೆ. ‘ಕಾಕಾ, ಯೂಟ್ಯೂಬ್ ನೋಡ್ರಿ’, ‘ಮೊಮ್ಮಗನ ಕೈಗೆ ಫೋನ್ ಕೊಡ್ರಿ’ ಎಂಬ ಮಾತುಗಳು ಬರುತ್ತವೆ, ಹಿಂದೆಯೇ ನಗುಮುಖಗಳ ಸಾಲು. ಅರವತ್ತಕ್ಕೆ ಅರಳುಮರಳು ಎಂದು ಬರೆದವರೂ ಉಂಟು. ಆದರೆ ಪ್ರಶ್ನೆ ಅರಳುಮರಳಿನದಾಗಿರಲಿಲ್ಲ. ಹಲವು ಕೊರಿಯರ್ ಸಂಸ್ಥೆಗಳು ಪೊಟ್ಟಣದ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, 5,000ದಿಂದ ಭಾಗಿಸಿ, ಬಂದ ಅಂಕಿಯನ್ನು ತಕ್ಕಡಿಯ ತೂಕದೊಂದಿಗೆ ಹೋಲಿಸಿ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ ಹಾಕುತ್ತವೆ. 40 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರದ ಡಬ್ಬಿಯಲ್ಲಿಟ್ಟ ಸೀರೆ ತಕ್ಕಡಿಯಲ್ಲಿ ಒಂದು ಕಿಲೋ ಮುಟ್ಟದಿದ್ದರೂ ಈ ಲೆಕ್ಕದಲ್ಲಿ 2.4 ಕಿಲೋ ಆಗುತ್ತದೆ. ಅಂದು ನಕ್ಕವರಲ್ಲಿ ಎಷ್ಟು ಮಂದಿಗೆ ಇದು ಗೊತ್ತಿತ್ತೋ ಕಾಣೆ. ಗೊತ್ತಿದ್ದವರು ಯಾರೂ ಹೇಳಲಿಲ್ಲ. ಚೆಂದದ ದೊಡ್ಡ ಡಬ್ಬಿಗಳಲ್ಲಿ ಕಳುಹಿಸಿ ನಷ್ಟ ಮಾಡಿಕೊಳ್ಳುತ್ತಿದ್ದವರು ಬಹುಪಾಲು ಕಿರಿಯರೇ. ಸೀರೆಯನ್ನು ಬಿಗಿಯಾಗಿ ಮಡಿಸಿ ಅಂಗೈಯಗಲದ ಗಂಟು ಕಟ್ಟುವುದು ಹಳೆಯ ಜವಳಿ ಅಂಗಡಿಯವರಿಗೆ ಕರಗತವಾದ ವಿದ್ಯೆ. ಆ ಹಿರಿಯರು ಈಗ ಗುಂಪಿನಲ್ಲಿ ಇದ್ದಾರೆ, ಆದರೆ ಮಾತಾಡುವುದಿಲ್ಲ.

ಕಿರಿಯರು ಅನುಭವಿಸುವುದು ಬೇರೆ ಬಗೆಯದು, ಮತ್ತು ನನ್ನ ಅಭಿಪ್ರಾಯದಲ್ಲಿ ಹೆಚ್ಚು ದುಬಾರಿಯಾದದ್ದು. ಏಕೆಂದರೆ ಅದು ಮಾತಿನಲ್ಲಿ ಮುಗಿಯದೆ ಬಂಡವಾಳಕ್ಕೆ ತಟ್ಟುತ್ತದೆ. ಸಗಟು ವ್ಯಾಪಾರಿ ತನ್ನ ಓರಗೆಯವರಿಗೆ ತಿಂಗಳುಗಟ್ಟಲೆ ಉದ್ದರಿ ಕೊಡುತ್ತಾನೆ. ಇಪ್ಪತ್ತೆರಡರ ಹುಡುಗಿಯೊಬ್ಬಳು, ಹಿಂದಿನ ಬಾಕಿಯನ್ನು ಒಂದು ದಿನವೂ ತಡಮಾಡದೆ ತೀರಿಸಿದವಳು, ಐದು ಸೀರೆ ಕೇಳಿದರೆ ‘ನಿಮ್ಮಪ್ಪನ್ನ ಕರಕೊಂಡು ಬಾ’ ಎನ್ನುತ್ತಾನೆ. ಗುಂಪಿನಲ್ಲಿ ಅವಳು ನೇರಪ್ರಸಾರದಲ್ಲಿ ಸೀರೆ ತೋರಿಸಿ ಮಾರುವ ಬಗೆಯನ್ನು ವಿವರಿಸಲು ಹೊರಟರೆ ಅದು ‘ರೀಲ್ಸ್ ಹುಡುಗಿಯ ಕುಣಿತ’ ಎಂದಾಗುತ್ತದೆ. ಅದೇ ವಯಸ್ಸಿನ ಹುಡುಗನಿಗೆ ‘ತಮ್ಮಾ, ಇನ್ನೂ ಕಲಿಯೋದದ’ ಎಂಬ ಮಾತಷ್ಟೇ ಸಿಗುತ್ತದೆ. ಹುಡುಗಿಗೆ ಮಾತಿನ ಜೊತೆಗೆ ನಡತೆಯ ವಿಚಾರಣೆಯೂ ಸೇರಿಕೊಳ್ಳುತ್ತದೆ. ವಯಸ್ಸಿನ ಪೂರ್ವಗ್ರಹ ಎಲ್ಲರನ್ನೂ ಸಮನಾಗಿ ತಟ್ಟುತ್ತದೆ ಎಂದು ಸಮಾಧಾನ ಹೇಳುವವರು ಇದನ್ನು ಗಮನಿಸಬೇಕು.

ಯಾರ ಮಾತು ಸರಿ ಎಂಬುದನ್ನು ವಯಸ್ಸಿನಿಂದ ತೀರ್ಮಾನಿಸಿದರೆ ಏನಾಗುತ್ತದೆ ಎಂಬುದಕ್ಕೆ ತೆರಿಗೆ ನೋಂದಣಿಯ ವಿಷಯ ಒಳ್ಳೆಯ ನಿದರ್ಶನ. ಸರಕು ಮತ್ತು ಸೇವಾ ತೆರಿಗೆ 2017ರ ಜುಲೈ 1ರಂದು ಜಾರಿಗೆ ಬಂದ ಮೇಲೆ, ಇ-ವಾಣಿಜ್ಯ ವೇದಿಕೆಯ ಮೂಲಕ ತೆರಿಗೆಯುಳ್ಳ ಸರಕು ಮಾರುವವರು ವಹಿವಾಟು ಎಷ್ಟೇ ಚಿಕ್ಕದಿದ್ದರೂ ನೋಂದಣಿ ಮಾಡಿಸಬೇಕೆಂಬ ನಿಯಮವಿತ್ತು. 2023ರ ಅಕ್ಟೋಬರ್ 1ರಿಂದ ಅದು ಸಡಿಲಗೊಂಡು, ವಾರ್ಷಿಕ ವಹಿವಾಟು ನಿಗದಿತ ಮಿತಿಯೊಳಗಿರುವವರು ನೋಂದಣಿಯಿಲ್ಲದೆ, ಪ್ಯಾನ್ ಆಧರಿಸಿದ ದಾಖಲಾತಿ ಸಂಖ್ಯೆಯೊಂದನ್ನು ಪಡೆದು, ತಮ್ಮ ರಾಜ್ಯದೊಳಗೆ ಮಾರಬಹುದು ಎಂದಾಯಿತು. ಈ ಬದಲಾವಣೆಯನ್ನು ಮೊದಲು ಓದಿ ಗುಂಪಿಗೆ ತಿಳಿಸಿದವರು ಕಿರಿಯರು. ‘ನಮ್ಮ ಆಡಿಟರ್‌ಗಿಂತ ನಿಮಗೆ ಹೆಚ್ಚು ತಿಳಿದದೇನು’ ಎಂದು ಹಿರಿಯರು ಅವರ ಬಾಯಿ ಮುಚ್ಚಿಸಿದರು, ಹಾಗಾಗಿ ಆನ್‌ಲೈನ್‌ಗೆ ಬರಬಹುದಾಗಿದ್ದ ಕೆಲವು ನೇಕಾರ ಮನೆಗಳು ಸುಮ್ಮನೆ ಕಾದು ಕುಳಿತವು. ಆದರೆ ಕಿರಿಯರು ಹರಿಯಬಿಟ್ಟ ಸಂದೇಶದಲ್ಲಿಯೂ ಒಂದು ಕೊರತೆಯಿತ್ತು. ‘ಇನ್ನು ಜಿಎಸ್‌ಟಿ ಬೇಡ’ ಎಂದು ಅದರಲ್ಲಿತ್ತೇ ಹೊರತು ರಾಜ್ಯದೊಳಗೆ ಮಾತ್ರ ಎಂಬ ಷರತ್ತು ಬಿಟ್ಟುಹೋಗಿತ್ತು. ಇಳಕಲ್ ಸೀರೆಗೆ ಮಹಾರಾಷ್ಟ್ರದಲ್ಲಿ ಎಂಥ ಬೇಡಿಕೆಯಿದೆ, ಅಲ್ಲಿಯವರು ಒಂಬತ್ತು ಗಜದ ಸೀರೆಯನ್ನೇ ಏಕೆ ಕೇಳುತ್ತಾರೆ ಎಂಬುದನ್ನು ಬಲ್ಲ ಹಿರಿಯರು ಬೈಯುವ ಬದಲು ಚರ್ಚೆಗೆ ಕುಳಿತಿದ್ದರೆ, ‘ನಮ್ಮ ಗಿರಾಕಿಗಳಲ್ಲಿ ಅನೇಕರು ಗಡಿಯಾಚೆಯವರು, ಆ ಸಡಿಲಿಕೆ ಅವರಿಗೆ ಮಾರುವಾಗ ಅನ್ವಯಿಸುವುದಿಲ್ಲ’ ಎಂದು ಒಂದೇ ವಾಕ್ಯದಲ್ಲಿ ತಿದ್ದಬಹುದಾಗಿತ್ತು. ನಿಯಮ ಓದಿದವರಿಗೆ ಮಾರುಕಟ್ಟೆ ತಿಳಿದಿರಲಿಲ್ಲ, ಮಾರುಕಟ್ಟೆ ತಿಳಿದವರು ಹೊಸ ನಿಯಮ ಓದಿರಲಿಲ್ಲ. ಇಬ್ಬರೂ ಒಂದೇ ಗುಂಪಿನಲ್ಲಿದ್ದೂ ಮಾಹಿತಿ ಪೂರ್ಣಗೊಳ್ಳಲಿಲ್ಲ.

ಇನ್ನೊಂದು ಸಂಗತಿ ಮಗ್ಗಕ್ಕೆ ಸೇರಿದ್ದು. ನೇಯುವಾಗ ಬಟ್ಟೆಯ ಪನ್ನ (ಅಗಲ) ಕುಗ್ಗದಂತೆ ಹಿಡಿದಿಡುವ ಕಡ್ಡಿಯ ಮೊಳೆಗಳು ಕೈಮಗ್ಗದ ಸೀರೆಯ ಎರಡೂ ಅಂಚಿನಲ್ಲಿ ಸಣ್ಣ ಸಣ್ಣ ತೂತುಗಳನ್ನು ಉಳಿಸುತ್ತವೆ. ಇದನ್ನು ದೋಷವೆಂದು ಭಾವಿಸಿ ಗಿರಾಕಿಗಳು ಸೀರೆ ಹಿಂದಿರುಗಿಸುತ್ತಾರೆ, ಹೋಗಿ ಬರುವ ಸಾಗಣೆಯ ಹೊರೆ ಮಾರಿದವರ ತಲೆಗೆ ಬೀಳುತ್ತದೆ. ಹಿರಿಯ ನೇಕಾರರೊಬ್ಬರು ಇದನ್ನು ಧ್ವನಿ ಸಂದೇಶದಲ್ಲಿ ನಿಧಾನವಾಗಿ ವಿವರಿಸಿ, ತೂತುಗಳ ಚಿತ್ರವನ್ನು ಮಾರಾಟದ ಪುಟದಲ್ಲೇ ಹಾಕಿ, ಇದು ಕೈಮಗ್ಗದ ಗುರುತೆಂದು ಬರೆಯಿರಿ ಎಂದು ಸಲಹೆ ಕೊಟ್ಟರು. ಒಡಲಿನ ಹಾಸಿಗೂ (ಉದ್ದದ ಎಳೆಗಳಿಗೂ) ಸೆರಗಿನ ಹಾಸಿಗೂ ಕೊಂಡಿ ಹಾಕುವ ಟೋಪ ತೆನಿಯ ಜಾಗವನ್ನೂ ಹತ್ತಿರದಿಂದ ತೋರಿಸಿರಿ, ಅಲ್ಲಿಯ ಗಂಟುಗಳನ್ನು ನೋಡಿ ಗಾಬರಿಯಾಗುವವರಿದ್ದಾರೆ ಎಂದೂ ಸೇರಿಸಿದರು. ಸಂದೇಶ ಉದ್ದವಾಗಿತ್ತೆಂದು ಅದನ್ನು ಕೇಳಿದವರು ಕೆಲವೇ ಮಂದಿ. ‘ಕಾಕಾನ ಹರಿಕಥೆ’ ಎಂದು ಒಬ್ಬ ಬರೆದ. ಕೇಳಿಸಿಕೊಂಡು ಹಾಗೆಯೇ ಮಾಡಿದ ಹುಡುಗಿಗೆ ಅಂಚಿನ ತೂತಿನ ಕಾರಣಕ್ಕೆ ಸೀರೆ ವಾಪಸ್ ಬರುವುದು ಬಹುತೇಕ ನಿಂತಿದೆ.

ಧ್ವನಿ ಸಂದೇಶದ ಬಗ್ಗೆ ಇರುವ ಈ ಅಸಹನೆಯನ್ನು ಹಗುರವಾಗಿ ಕಾಣಬಾರದು. ಹಿರಿಯರಲ್ಲಿ ಅನೇಕರಿಗೆ ಫೋನಿನಲ್ಲಿ ಕನ್ನಡ ಟೈಪ್ ಮಾಡುವುದು ಕಷ್ಟ, ಕಿರಿಯರು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಕನ್ನಡವನ್ನು ಓದುವುದು ಇನ್ನೂ ಕಷ್ಟ. ನಾನು ಬಳಸುವ ವೇದಿಕೆಯಲ್ಲಿ ದಂಡ ಮತ್ತು ಕಡಿತದ ಕರಾರುಗಳು ಇಂಗ್ಲಿಷಿನಲ್ಲೇ ಇವೆ. ಹೀಗೆ ಅಕ್ಷರ ಮತ್ತು ಭಾಷೆಯ ತೊಡಕೆಲ್ಲ ವಯಸ್ಸಿನ ದಡ್ಡತನವಾಗಿ ಕಾಣಿಸಿಕೊಳ್ಳುತ್ತದೆ. ಇಂಗ್ಲಿಷ್ ಬಲ್ಲ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಇದೇ ಗುಂಪಿನಲ್ಲಿ ಯಾವ ಗೇಲಿಗೂ ಗುರಿಯಾಗದೆ ಎಲ್ಲರ ಲೆಕ್ಕ ಬಿಡಿಸಿಕೊಡುತ್ತಿದ್ದಾರೆ ಎಂಬುದನ್ನು ನೋಡಿದಾಗ ಈ ಅನುಮಾನ ನನಗೆ ಗಟ್ಟಿಯಾಯಿತು.

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಪಾವತಿಗಳ ಮಾಹಿತಿಯನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದಾಗ, ಬೆಂಗಳೂರಿನ ಅಂಗಡಿಗಳಲ್ಲಿ ಯುಪಿಐ ಬೇಡವೆಂಬ ಚೀಟಿಗಳು ಕಾಣಿಸಿಕೊಂಡವು. ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸರಕು ಮಾರುವವರಿಗೂ ನೋಟಿಸ್ ತಲುಪಿತ್ತು. ಕೊನೆಗೆ ಮುಖ್ಯಮಂತ್ರಿಗಳು ವ್ಯಾಪಾರಿಗಳೊಂದಿಗೆ ಸಭೆ ನಡೆಸಿ, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಹೇಳಬೇಕಾಯಿತು. ಆ ದಿನಗಳಲ್ಲಿ ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ಎಂಬ ನೋಂದಣಿ ಮಿತಿಯನ್ನು ಎಲ್ಲರಿಗೂ ತಿಳಿಸಿ ಹೇಳುವುದು ನಮ್ಮ ಗುಂಪುಗಳ ಕೆಲಸವಾಗಬೇಕಿತ್ತು. ನಡೆದದ್ದು ಬೇರೆ. ‘ಕ್ಯೂಆರ್ ಕೋಡ್ ಅಂಟಿಸಬೇಡ್ರಿ ಅಂತ ಅಂದೇ ಹೇಳಿದ್ವಿ’ ಎಂದು ಹಿರಿಯರು, ‘ನಗದಿನಲ್ಲಿ ಮುಚ್ಚಿಟ್ಟು ರೂಢಿಯಾದವರಿಗೆ ಲೆಕ್ಕ ಅಂದರೆ ಭಯ’ ಎಂದು ಕಿರಿಯರು ದಿನವಿಡೀ ಕೆಸರೆರಚಿಕೊಂಡರು. ನಿಜವಾಗಿ ನೋಟಿಸ್ ಬಂದಿದ್ದ ಸದಸ್ಯೆಯೊಬ್ಬರು ಕೇಳಿದ ಪ್ರಶ್ನೆ ಆ ಗದ್ದಲದಲ್ಲಿ ಮೇಲಕ್ಕೆ ಸರಿದುಹೋಯಿತು.

ಕಿರಿಯರು ಬೆಲೆ ಇಳಿಸಿ ವ್ಯಾಪಾರ ಕೆಡಿಸುತ್ತಾರೆ ಎಂಬ ಆರೋಪವನ್ನು ಹಿರಿಯರು ಪದೇ ಪದೇ ಮಾಡುತ್ತಾರೆ. ಬೆಲೆ ಇಳಿಯುತ್ತಿರುವುದು ನಿಜ, ನನಗೂ ಅದರಿಂದ ಪೆಟ್ಟು ಬಿದ್ದಿದೆ. ಆದರೆ ಕಡಿಮೆ ಬೆಲೆಯ ಸರಕನ್ನು ಮೇಲೆ ತೋರಿಸುವ ವ್ಯವಸ್ಥೆ, ಪವರ್‌ಲೂಮ್ ಸೀರೆಯನ್ನು ಕೈಮಗ್ಗದ್ದೆಂದು ಹಾಕುವ ಮೋಸ, ಇವಕ್ಕೆ ವಯಸ್ಸಿಲ್ಲ. ಮಗನ ಹೆಸರಿನ ಖಾತೆಯಲ್ಲಿ ಅಂಥ ಸೀರೆ ಮಾರುವ ಹಿರಿಯರನ್ನೂ ನಾವೆಲ್ಲ ಬಲ್ಲೆವು.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ವರದಿ, ಜಗತ್ತಿನಲ್ಲಿ ಇಬ್ಬರಲ್ಲಿ ಒಬ್ಬರು ವೃದ್ಧರ ಬಗ್ಗೆ ಪೂರ್ವಗ್ರಹ ಹೊಂದಿದ್ದಾರೆ ಎಂದಿದೆ. ಯುರೋಪಿನಲ್ಲಿ ವಯಸ್ಸಿನ ಕಾರಣಕ್ಕೆ ತಾರತಮ್ಯ ಅನುಭವಿಸುತ್ತಿದ್ದೇವೆ ಎಂದು ಇತರ ವಯೋಮಾನದವರಿಗಿಂತ ಹೆಚ್ಚಾಗಿ ಹೇಳಿದವರು ಕಿರಿಯರು ಎಂದೂ ಅದೇ ವರದಿ ದಾಖಲಿಸಿದೆ. ನಮ್ಮ ಕಸುಬಿನಲ್ಲಿ ಈ ಪೂರ್ವಗ್ರಹಕ್ಕೆ ಇನ್ನೂ ಒಂದು ವಿಚಿತ್ರ ತಿರುವು ಇದೆ. ಕೋವಿಡ್ ಕಾಲದಲ್ಲಿ ಅಂಗಡಿ ಮುಚ್ಚಿ ಆನ್‌ಲೈನ್‌ಗೆ ಬಂದ ಎಪ್ಪತ್ತರ ಅಜ್ಜ ಇಲ್ಲಿ ಹೊಸಬ, ಕಾಲೇಜಿನಲ್ಲಿದ್ದಾಗಲೇ ಖಾತೆ ತೆರೆದ ಮೂವತ್ತರ ಯುವಕ ಹಳಬ. ಹಳಬ ಎನಿಸಿಕೊಂಡವನಿಗೂ ನೆಮ್ಮದಿಯಿಲ್ಲ, ಏಕೆಂದರೆ ವೇದಿಕೆಯ ದರಪಟ್ಟಿ, ವಾಪಸಾತಿಯ ನಿಯಮ, ಸರಕನ್ನು ತೋರಿಸುವ ಕ್ರಮ ಇವು ಬದಲಾಗುತ್ತಲೇ ಇರುತ್ತವೆ. ಮಾರಾಟದ ಹಣದಿಂದ ವೇದಿಕೆಯು ಮೂಲದಲ್ಲೇ ಹಿಡಿದುಕೊಳ್ಳುವ ಜಿಎಸ್‌ಟಿ ಮೊತ್ತ ಶೇ 1ರಿಂದ ಶೇ 0.5ಕ್ಕೆ ಇಳಿದದ್ದು 2024ರ ಜುಲೈನಲ್ಲಿ. ಇಂದಿಗೂ ಹಳೆಯ ಅಂಕಿಯನ್ನೇ ಆತ್ಮವಿಶ್ವಾಸದಿಂದ ಹೇಳುವವರು ಎರಡೂ ಪೀಳಿಗೆಯಲ್ಲಿದ್ದಾರೆ.

ಆದ್ದರಿಂದ ಗುಂಪುಗಳನ್ನು ನಡೆಸುವವರಲ್ಲಿ ನನ್ನ ವಿನಂತಿ ಬಹಳ ಸರಳವಾದದ್ದು. ನಿಯಮದ ಬಗ್ಗೆ ಉತ್ತರ ಕೊಡುವವರು ಅದು ಯಾವ ದಿನಾಂಕದಿಂದ ಜಾರಿಯಲ್ಲಿದೆ, ಎಲ್ಲಿ ಓದಿದ್ದು ಎಂಬುದನ್ನು ತಪ್ಪದೆ ಬರೆಯಬೇಕೆಂದು ಕಡ್ಡಾಯಗೊಳಿಸಲಿ. ಧ್ವನಿ ಸಂದೇಶದ ಸಾರವನ್ನು ಎರಡು ಸಾಲಿನಲ್ಲಿ ಬರೆದು ಹಾಕುವ ಕೆಲಸವನ್ನು ಕಿರಿಯರೊಬ್ಬರು ಸರದಿಯ ಮೇಲೆ ವಹಿಸಿಕೊಳ್ಳಲಿ. ನಮ್ಮ ಗುಂಪಿನಲ್ಲಿ ಇದು ಶುರುವಾಗಿದೆ, ಮುನಿಸಿಕೊಂಡಿದ್ದ ಕೆಲವರು ಮತ್ತೆ ಮಾತಾಡತೊಡಗಿದ್ದಾರೆ. ಉದ್ದರಿಯ ವಿಷಯದಲ್ಲಿ ಸಗಟು ವ್ಯಾಪಾರಿಗಳು ಹುಟ್ಟಿದ ವರ್ಷವನ್ನು ಬಿಟ್ಟು ಹಿಂದಿನ ಪಾವತಿಯ ಪುಸ್ತಕವನ್ನು ತೆರೆದು ನೋಡಲಿ.

ತಮ್ಮಲ್ಲಿಯೂ ಒಂದು ಕೋರಿಕೆಯಿದೆ. ಸಣ್ಣ ಮಾರಾಟಗಾರರಿಗೆ ಸಂಬಂಧಿಸಿದ ತೆರಿಗೆ ಮತ್ತು ಇ-ವಾಣಿಜ್ಯ ನಿಯಮಗಳ ಬದಲಾವಣೆಯನ್ನು, ಜಾರಿಯಾದ ದಿನಾಂಕದ ಸಮೇತ, ತಿಂಗಳಿಗೊಮ್ಮೆ ವಾಣಿಜ್ಯ ಪುಟದಲ್ಲಿ ತಿಳಿಗನ್ನಡದಲ್ಲಿ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ. ಅಚ್ಚಾದ ಪತ್ರಿಕೆಯ ತುಣುಕನ್ನು ಗುಂಪಿನಲ್ಲಿ ಹಾಕಿದರೆ ಅದನ್ನು ಎಷ್ಟು ವಯಸ್ಸಿನವರು ಹಾಕಿದರು ಎಂದು ಯಾರೂ ಕೇಳುವುದಿಲ್ಲ. ಅಂಥ ಅಂಕಣಕ್ಕೆ ಓದುಗರ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಕಳುಹಿಸಲು ನಮ್ಮ ಗುಂಪಿನ ಇಬ್ಬರು ನಿರ್ವಾಹಕರು, ಒಬ್ಬರು ಅರವತ್ತೆಂಟರ ನೇಕಾರರು, ಇನ್ನೊಬ್ಬಳು ಇಪ್ಪತ್ತನಾಲ್ಕರ ಪದವೀಧರೆ, ಒಪ್ಪಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಕೈಮಗ್ಗ ಸೀರೆಗಳ ಮಾರಾಟಗಾರ್ತಿ
ಬಾಗಲಕೋಟೆ ಜಿಲ್ಲೆ